ಗಾಳಿ ಬುತ್ತಿ

ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರದ ಮಾತು. ಹೊಸ ಸೊಸೆ ಚುರುಕಿದ್ದಾಳೆ ಅಂತ ನಾಲ್ಕು ಜನ ಅನ್ನಲಿ ಎಂದು ಬೆಳಿಗ್ಗೆ ಬೇಗ ಎದ್ದು, ಗ್ಯಾಸ್ ಒಲೆಯ ಮೇಲೆ ರೊಟ್ಟಿ ಹಂಚು ಇಟ್ಟು, ಜೋಳದ ಹಿಟ್ಟು ನಾದುತ್ತ ಕುಳಿತಿದ್ದೆ. ಅತ್ತೆ ತಲಬಾಗಿಲಲ್ಲಿ ನಿಂತಿದ್ದರು. ಬೀದಿ ನೋಡುತ್ತಿದ್ದಾರೆ ಅಂದುಕೊಂಡೆ. ಬೀದಿಯ ಕಡೆ ಅವರ ಲಕ್ಷ್ಯವೇ ಇರಲಿಲ್ಲ. ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲಾಚೆ ಚಾಚಿ, ಅದು ಯಾವ ಕಡೆ ಹಾರುತ್ತದೆ ಎಂದು ಕಾಯುತ್ತಿದ್ದರು. ಸೆರಗು ಪಟಪಟನೆ ಹಾಳು ಗಿರಣಿಯ ಕಡೆ ಎಳೆಯಿತು. ಅವರು ಒಳಗೆ ಬಂದವರೇ ಗ್ಯಾಸಿನ ಗುಂಡಿ ತಿರುವಿ ಒಲೆ ಆರಿಸಿಬಿಟ್ಟರು.

“ಇವತ್ತ ಒಲಿ ಇಲ್ಲ.”

“ಯಾಕ್ರಿ ಅತ್ತಿ? ಸಿಲಿಂಡರ್ ಮುಗಿದೈತೇನ್ರಿ?”

“ಸಿಲಿಂಡರ್ ತುಂಬೇತಿ. ಗಾಳಿ ಗಿರಣಿ ಕಡೆ ಹೊಂಟೇತಿ.”

ಇಷ್ಟು ಹೇಳಿ ಅವರು ದನದ ಕೊಟ್ಟಿಗೆಗೆ ಹೋದರು. ಇದೊಂದು ಉತ್ತರವೇ? ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ತವರುಮನೆಯಿಂದ ಬರುವಾಗ ಟಂಟಂನಲ್ಲಿ ಕುಳಿತು ನಾನೇ ನೋಡಿದ್ದೆ: ತಗಡು ಹಾರಿಹೋದ ಶೆಡ್ಡು, ಕುಸಿದ ಕಂಪೌಂಡ್ ಗೋಡೆ, ಜಾಲಿಗಿಡ, ನಡುವೆ ಇಟ್ಟಿಗೆಯ ಎತ್ತರದ ಚಿಮಣಿ. ಅದರ ತುದಿಯಲ್ಲಿ ಹೊಗೆಯ ಬದಲು ಹದ್ದು ಕೂತಿತ್ತು. ಇಂಥ ಗಿರಣಿಯ ಕಡೆ ಗಾಳಿ ಬೀಸಿದರೆ ನಮ್ಮ ರೊಟ್ಟಿಗೇನು ಸಂಕಟ?

ಕೇಳುವ ಚಟ ನನಗೆ ಸಣ್ಣಂದಿನಿಂದ ಇದೆ. ನಾಲತವಾಡದ ನನ್ನ ತವರಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಅಪ್ಪನಿಂದ ಹಿಡಿದು ಅಂಗಡಿಯವರವರೆಗೆ ಎಲ್ಲರೂ “ಚೌಕಶಿ” ಎನ್ನುತ್ತಿದ್ದರು. ಏನು ಕಂಡರೂ ಯಾಕೆ, ಯಾರು, ಯಾವಾಗ ಎಂದು ವಿಚಾರಣೆ ನಡೆಸುವವಳು ಅಂತ ಅರ್ಥ. ಗಂಡನ ಮನೆಗೆ ಹೋದಮೇಲಾದರೂ ಬಾಯಿ ಹಿಡಿದುಕೊ ಎಂದು ಅವ್ವ ಕಣ್ಣೀರಿನ ನಡುವೆಯೂ ಎಚ್ಚರಿಸಿ ಕಳಿಸಿದ್ದಳು. ಅದಕ್ಕೇ ಅತ್ತೆಯನ್ನು ಬಿಟ್ಟು ಗಂಡನನ್ನು ಕೇಳಿದೆ.

“ಅದು ಹಂಗ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡು, ನಾ ಹೊಲಕ್ಕ ಹೋಗ್ತೇನಿ” ಎಂದು ಅವರು ಬುತ್ತಿ ಕಟ್ಟಿಸಿಕೊಂಡು ಹೊರಟೇಹೋದರು.

ಹೊತ್ತು ನೆತ್ತಿಗೇರಿತು. ಅತ್ತೆ ನನಗೆ ಕಡಕ್ ರೊಟ್ಟಿ ಕೊಟ್ಟರು, ತಾವು ಮುಟ್ಟಲಿಲ್ಲ. ಬಾಗಿಲ ಕಟ್ಟೆಯ ಮೇಲೆ ಕುಳಿತು ಗಿರಣಿಯ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕುಸಿದ ಗೋಡೆಯ ಸಂದಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಬಂದರು. ಅತ್ತೆಯ ವಯಸ್ಸಿನವರೇ, ಅತ್ತೆಗಿಂತ ಎತ್ತರ, ಮಾತು ಅತ್ತೆಗಿಂತ ಎರಡರಷ್ಟು. ಬುಟ್ಟಿ ಇಳಿಸಿ ಬಟ್ಟೆ ಸರಿಸಿದರೆ ಬಿಸಿ ರೊಟ್ಟಿಯ ಹಬೆ, ಪುಂಡಿಪಲ್ಲೆ, ಗಟ್ಟಿ ಮೊಸರು.

“ಗಾಳಿ ಬುತ್ತಿ ತಂದೇನಿ, ಇಸ್ಗೊ” ಅಂದರು ಅತ್ತೆಗೆ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೊಸ ಸೊಸಿ ಕಣ್ಣ ದೊಡ್ಡವು ಅದಾವ. ಎಲ್ಲಾ ನೋಡ್ತಾವ ಇವು” ಎಂದು ನಕ್ಕು, ನೀರು ಸಹ ಕುಡಿಯದೆ ಬಂದ ದಾರಿಯಲ್ಲೇ ತಿರುಗಿದರು.

“ಯಾರ್ರಿ ಅವರು?”

“ನಮ್ಮ ಗಾಳಿ ಬೀಗತಿ” ಅಂದರು ಅತ್ತೆ, ಆಗಲೇ ರೊಟ್ಟಿ ಮುರಿಯುತ್ತ.

ಹೆಣ್ಣು ಕೊಟ್ಟು ತಂದ ಬೀಗರನ್ನು ಕಂಡಿದ್ದೆ. ಗಾಳಿಯಿಂದ ಬೀಗರಾದವರನ್ನು ಕಂಡದ್ದು ಅದೇ ಮೊದಲು. ಆ ದಿನ ಶುರುವಾದ ನನ್ನ ಚೌಕಶಿ ಮುಗಿಯಲು ಬಹಳ ವರ್ಷ ಹಿಡಿಯಿತು.

ಈ ಊರನ್ನು ಸ್ವಲ್ಪ ಹೇಳಿಬಿಡುತ್ತೇನೆ. ಹೂವಿನ ಹಿಪ್ಪರಗಿಯಿಂದ ಒಳದಾರಿ ಹಿಡಿದರೆ ಎರಡೂ ಕಡೆ ಕರಿ ಎರೆ ಭೂಮಿ, ತೊಗರಿ, ಬಿಳಿಜೋಳ, ಅಲ್ಲಲ್ಲಿ ಹತ್ತಿ. ಊರು ಬರುವ ಮೊದಲೇ ಚಿಮಣಿ ಬರುತ್ತದೆ. ಗಿರಣಿ ನಡುವೆ, ಅದರ ಮೂಡಣಕ್ಕೆ ಒಂದು ಓಣಿ, ಪಡುವಣಕ್ಕೆ ಒಂದು ಓಣಿ. ಮೊದಲು ಇಲ್ಲಿದ್ದದ್ದು ನಾಲ್ಕಾರು ಮನೆಯಂತೆ. ಹತ್ತಿಯಿಂದ ಕಾಳು ಬಿಡಿಸುವ ಗಿರಣಿ ಬಂದಮೇಲೆ ಕೆಲಸಕ್ಕೆಂದು ಬಂದವರು ಅದರ ಎರಡೂ ಮಗ್ಗುಲಲ್ಲಿ ಮನೆ ಕಟ್ಟಿಕೊಂಡರು. ದೀಪಾವಳಿ ಮುಗಿದು ಬಂಡಿಗಟ್ಟಲೆ ಹತ್ತಿ ಬಂದರೆ ಗಿರಣಿಯ ಭೋಂಗಾ ಕೂಗಲು ಶುರು, ಮಿರಗದ, ಅಂದರೆ ಮೃಗಶಿರದ, ಮಳೆ ಬಿದ್ದರೆ ಬಂದ್. ಅತ್ತೆ ಪಡುವಣ ಓಣಿಯ ಒಕ್ಕಲು ಮನೆಗೆ ಸೊಸೆಯಾಗಿ ಬಂದು ಗಿರಣಿಗೆ ಹತ್ತಿ ಹಸನು ಮಾಡಲು ಹೋದವರು. ಗಾಳಿ ಬೀಗತಿ ಮೂಡಣ ಓಣಿಯ ಕುರಿಗಾರರ ಮನೆಯವರು, ಅದೇ ಕೆಲಸ.

ಹವಾಮಾನ ಅಂದರೆ ಇಲ್ಲಿ ಮುಖ್ಯವಾಗಿ ಗಾಳಿಯೇ. ಮಳೆ ಎಂಬುದು ಆಗೀಗ ಬಂದು ಚಹಾ ಕುಡಿದು ಹೋಗುವ ನೆಂಟ. ಸಂಜೆ ಮಾಳಿಗೆ ಹತ್ತಿದರೆ ಮುದ್ದೇಬಿಹಾಳದ ಕಡೆ ಮಳೆಯ ಕಾಲು ಇಳಿದಿರುವುದು ಕಾಣುತ್ತದೆ, ಇಂಡಿ ತಾಲೂಕಿನ ಕಡೆ ಮಿಂಚುತ್ತದೆ, ನಮಗೆ ಬರುವುದು ಮಣ್ಣಿನ ವಾಸನೆ ಹೊತ್ತ ಗಾಳಿಯಷ್ಟೇ. ಚಳಿಗಾಲವಿಡೀ ಮೂಡಗಾಳಿ: ತುಟಿ ಒಡೆಯುತ್ತದೆ, ತೊಗರಿ ಕಾಯಿ ಒಣಗಿ ಗಿಲಕಿಯಂತೆ ಸಪ್ಪಳ ಮಾಡುತ್ತದೆ. ಯುಗಾದಿ ದಾಟಿದ ಮೇಲೆ ಗಾಳಿ ನಿಂತು, ಮಾಳಿಗೆಯೊಳಗೂ ಬೇಯುವ ಬಿಸಿಲು. ರೋಹಿಣಿ ಮಳೆಯ ಕಾಲ ಹತ್ತಿರ ಬಂದಾಗ ಪಡುಗಾಳಿ ಏಳುತ್ತದೆ. ಅದು ಬೀಸುವುದಲ್ಲ, ನೂಕುವುದು. ಬಯಲಲ್ಲಿ ಅಡ್ಡಲಾಗಿ ಏನೂ ಇಲ್ಲ, ಗುಡ್ಡವಿಲ್ಲ, ಕಾಡಿಲ್ಲ. ಅದಕ್ಕೆ ಸಿಗುವ ಮೊದಲ ಗೋಡೆ ನಮ್ಮ ಓಣಿಯದೇ. ಆ ಗಾಳಿಯಲ್ಲಿ ಮಾಳಿಗೆಯ ಮೇಲೆ ಸವಳು ಮಣ್ಣು ಹರವುವ ಕೆಲಸ ಬಿದ್ದರೆ, ಅರ್ಧ ಮಣ್ಣು ಮಾಳಿಗೆಗೆ, ಅರ್ಧ ನನ್ನ ಕಣ್ಣಿಗೆ.

ಒಲೆಗೂ ಗಾಳಿಗೂ ಏನು ಸಂಬಂಧ ಎಂದು ಊರಲ್ಲಿ ವಿಚಾರಿಸಿದೆ. ಗಿರಣಿಯ ಮಾಲಕರು ಹಾಕಿದ ಕಾಯದೆ ಅಂದ ಒಬ್ಬ ಹಿರಿಯರಿಗೆ, ಹಾಗಿದ್ದರೆ ಮಾಲಕರು ಹೋದಮೇಲೂ ಯಾಕೆ ಎಂದರೆ ಸಿಟ್ಟು ಬಂತು. ಕಿರಾಣಿ ಅಂಗಡಿಯವರು ಅದು ದೇವರ ಹರಕೆ ಅಂದರು. ಯಾವ ದೇವರೆಂದು ಕೇಳಿದ್ದಕ್ಕೆ ಬೆಲ್ಲ ತೂಗುವುದರಲ್ಲಿ ಮಗ್ನರಾದರು. ಕೊನೆಗೆ, ಆ ವರ್ಷದ ಚಳಿಗಾಲದಲ್ಲಿ, ಮೂಡಗಾಳಿ ಎದ್ದ ದಿನ ಅತ್ತೆಯೇ ಹೇಳಿದರು. ಆ ಬೆಳಿಗ್ಗೆ ಅವರ ಸೆರಗು ಗಿರಣಿಯ ಕಡೆಯ ಗಾಳಿಗೆ ನಮ್ಮ ಮನೆಯೊಳಗೆ ಹಾರಿತ್ತು. “ಇವತ್ತ ನಮ್ಮ ಪಾಳಿ” ಎಂದು ಹುರುಪಿನಿಂದ ರೊಟ್ಟಿ ಬಡಿಯಲು ಕುಳಿತಿದ್ದರು. ಕೈ ಕೆಲಸದಲ್ಲಿದ್ದಾಗ ಅವರ ನಾಲಿಗೆ ಸಡಿಲವಾಗುತ್ತದೆ.

ಗಿರಣಿಯ ಅಂಗಳದಲ್ಲಿ ಹತ್ತಿಯನ್ನು ಬಯಲಿಗೇ ಒಟ್ಟುತ್ತಿದ್ದರಂತೆ, ಮನೆಯೆತ್ತರದ ರಾಶಿಗಳು. ಎಲ್ಲ ಮನೆಯಲ್ಲೂ ಕಟ್ಟಿಗೆ ಒಲೆ. ಒಮ್ಮೆ ಗಾಳಿಯಲ್ಲಿ ಯಾರದೋ ಒಲೆಯ ಕಿಡಿ ಹಾರಿ ರಾಶಿಗೆ ಬಿತ್ತು. ಹತ್ತಿಗೆ ಬಿದ್ದ ಬೆಂಕಿ ಭಗ್ಗನೆ ಉರಿದು ಮುಗಿಯುವುದಿಲ್ಲ; ಮೇಲೆ ಬೆಳ್ಳಗೆ ಕಾಣುತ್ತದೆ, ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಗಿರಣಿ ನಿಂತಿತು, ಎರಡೂ ಓಣಿಯ ಕೂಲಿ ನಿಂತಿತು. ಆಮೇಲೆ ಹೆಂಗಸರೇ ಒಂದು ಕಟ್ಟಳೆ ಮಾಡಿಕೊಂಡರು. ಗಾಳಿ ಯಾವ ಓಣಿಯಿಂದ ಗಿರಣಿಗೆ ಬೀಸುತ್ತದೋ ಆ ಓಣಿಯವರು ಒಲೆ ಹಚ್ಚಬಾರದು. ಎದುರಿನ ಓಣಿಯವರು ಅವರಿಗೂ ಸೇರಿಸಿ ಬೇಯಿಸಿ ತರಬೇಕು. ಮನೆಗೊಂದು ಜೋಡಿ ಮನೆ. ಅವರೇ ಗಾಳಿ ಬೀಗರು. ಚಳಿಗಾಲದಲ್ಲಿ ನಾವು ಕೊಡುವವರು, ಬೇಸಿಗೆಯ ಕೊನೆಗೆ ಪಡೆಯುವವರು. ಕುರಿಗಾರರು, ಒಕ್ಕಲಿಗರು ಎಂದು ಉಳಿದ ದಿನ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವುದು ಅಷ್ಟಕ್ಕಷ್ಟೇ ಇದ್ದ ಕಾಲದಲ್ಲೂ ಗಾಳಿ ಬುತ್ತಿಯನ್ನು ಯಾರೂ ಬೇಡವೆನ್ನಲಿಲ್ಲ.

“ಕಿಡಿ ಯಾರ ಒಲಿದ್ರಿ?” ಎಂದು ಕೇಳಿದೆ.

ಅತ್ತೆಯ ಕೈ ನಿಂತಿತು. “ಯಾರದೋ. ಪಲ್ಲೆಕ ಉಪ್ಪ ಹಾಕು, ಬಾಳ ಬ್ಯಾಡ.”

ನಮ್ಮ ಮನೆಯ ಪಲ್ಲೆಗೆ ಉಪ್ಪು ಯಾವತ್ತೂ ಕಡಿಮೆಯೇ. ನನ್ನ ಗಂಡ ಉಣ್ಣಲು ಕೂತಾಗ ಮೊದಲು ಉಪ್ಪಿನ ಡಬ್ಬಿ ಎಳೆದುಕೊಳ್ಳುತ್ತಾರೆ, ಆಮೇಲೆ ತಾಟು. ಅತ್ತೆಗೆ ಹೇಳುವ ಧೈರ್ಯ ಮಗನಿಗೂ ಇಲ್ಲ, ಸೊಸೆಗೂ ಇಲ್ಲ.

“ಗಿರಣಿ ಮುಚ್ಚೇತಿ, ಗ್ಯಾಸ್ ಬಂದೇತಿ. ಈಗ ಯಾಕ್ರಿ ಮತ್ತ?” ಎಂದೆ, ಬುಟ್ಟಿಗೆ ರೊಟ್ಟಿ ಜೋಡಿಸುತ್ತ.

“ಗಿರಣಿ ಮುಚ್ಚೇತಿ, ಗಾಳಿ ಮುಚ್ಚೇತೇನು?” ಅಂದರು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ಉಳಿದ ಮನೆಗಳು ಗ್ಯಾಸ್ ಬಂದಮೇಲೆ ಈ ಕಟ್ಟಳೆಯನ್ನು ಒಂದೊಂದಾಗಿ ಬಿಟ್ಟಿದ್ದವು. ಉಳಿದದ್ದು ಈ ಇಬ್ಬರು. ಜೋರು ಗಾಳಿ ಎದ್ದ ದಿನ ಒಬ್ಬರು ಆರಿಸುವರು, ಒಬ್ಬರು ಹೊರುವರು. ಬುಟ್ಟಿ ತಂದವರು ಕೂರುವುದಿಲ್ಲ. ಗಿರಣಿ ಇದ್ದಾಗ ಊಟದ ಬಿಡುವು ಅಷ್ಟೇ ಇತ್ತು, ಬುತ್ತಿ ಕೊಟ್ಟು ಓಡಬೇಕಿತ್ತು. ಆ ಅವಸರ ಕಾಲಿಗೆ ಅಂಟಿಕೊಂಡುಬಿಟ್ಟಿತ್ತು. ಹಬ್ಬಕ್ಕೆ ಇವರು ಅಲ್ಲಿಗೆ ಹೋಗುವುದಿಲ್ಲ, ಅವರು ಇಲ್ಲಿಗೆ ಬರುವುದಿಲ್ಲ. ಗಾಳಿ ಬಂದರೆ ಮಾತ್ರ ನೆಂಟಸ್ತನ. ಇದೆಂಥ ಗೆಳೆತನ ಎಂದು ನಾನು ಒಳಗೇ ನಗುತ್ತಿದ್ದೆ. ಆದರೆ ಗಾಳಿ ಎದ್ದ ಬೆಳಿಗ್ಗೆ ಅತ್ತೆಯ ಮುಖದಲ್ಲಿ ಏಳುವ ಖುಷಿ ಯಾವ ಹಬ್ಬಕ್ಕೂ ಏಳುತ್ತಿರಲಿಲ್ಲ, ಅದನ್ನೂ ಕಂಡಿದ್ದೆ.

ಮಕ್ಕಳು ಹುಟ್ಟಿ ಸಾಲಿಗೆ ಹೋಗುವಷ್ಟಾದವು. ಈಚಿನ ಒಂದು ಬೇಸಿಗೆಯಲ್ಲಿ ಗಿರಣಿಯ ಜಾಗದಲ್ಲಿ ಗೋದಾಮು ಬಂತು. ತೊಗರಿ ದಾಸ್ತಾನಿಗೆ ಅಂತ ಸಿಂದಗಿ ಕಡೆಯ ವ್ಯಾಪಾರಿಯೊಬ್ಬರು ಜಾಗ ಕೊಂಡು, ಮುರುಕು ಶೆಡ್ಡು ಕೆಡವಿ, ಓಣಿಯ ಉದ್ದಕ್ಕೂ ಎತ್ತರದ ತಗಡಿನ ಗೋದಾಮು ನಿಲ್ಲಿಸಿದರು. ಚಿಮಣಿಯನ್ನು ಬಿಟ್ಟರು; ಕೆಡವಲು ಖರ್ಚು ಬಹಳ ಅಂತ. ಮಕ್ಕಳಿಗೆ ನೆರಳಾಯಿತು, ನಾಯಿಗಳಿಗೆ ನೆರಳಾಯಿತು. ನಮ್ಮ ಅಂಗಳದಿಂದ ಮೂಡಣ ಓಣಿ ಕಾಣುವುದು ನಿಂತಿತು ಅಷ್ಟೇ.

ಅದೇ ಬೇಸಿಗೆಯ ಕೊನೆಗೆ ಪಡುಗಾಳಿ ಎದ್ದಿತು. ಅತ್ತೆ ಸೆರಗು ಚಾಚಿದರು. ಅದು ಗೋದಾಮಿನ ಕಡೆ ಎಳೆಯಿತು. ಒಲೆ ಆರಿತು. ನಾನು ಮಕ್ಕಳಿಗೆ ಚುರುಮುರಿ ಕಲಸಿ ಕೊಟ್ಟೆ. ಅತ್ತೆ ಕಟ್ಟೆಯ ಮೇಲೆ ಕುಳಿತರು.

ಹೊತ್ತು ನೆತ್ತಿಗೇರಿತು, ಇಳಿಯಿತು. ಬುಟ್ಟಿ ಬರಲಿಲ್ಲ.

“ಏನರೆ ಕೆಲಸ ಬಂದಿರಬೇಕು” ಅಂದರು ಅತ್ತೆ. ಸಂಜೆಗೆ ಬರೀ ಮಜ್ಜಿಗೆ ಕುಡಿದರು. ಕಡಕ್ ರೊಟ್ಟಿ ಕೊಟ್ಟರೆ ಬೇಡ ಅಂದರು. ಬುತ್ತಿ ಬರುವ ದಿನ ಬುತ್ತಿಯನ್ನೇ ಉಣ್ಣಬೇಕು ಎಂಬುದು ಅವರ ಹಟ.

ಮರುದಿನವೂ ಅದೇ ಗಾಳಿ, ಅದೇ ಕಟ್ಟೆ, ಅದೇ ಬರಿಗೈ. ಆ ದಿನ ಹಗಲೆಲ್ಲ ಅವರು ಯಾರನ್ನೂ ಬೈಯಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು. ಅತ್ತೆ ಬೈದರೆ ನಿಶ್ಚಿಂತೆ, ಸುಮ್ಮನಾದರೆ ಕಷ್ಟ. ಸಂಜೆ ದನಕ್ಕೆ ಮೇವು ಹಾಕುತ್ತ, ನನಗೆ ಬೆನ್ನು ಮಾಡಿ, “ಸಾಕಾಗಿರಬೇಕು ಆಕಿಗೆ. ಹೇಳಿದ್ರ ಆಗತಿತ್ತು. ಬರೂ ಚಳಿಗಾಲಕ್ಕ ನಾನೂ ಒಯ್ಯೂದಿಲ್ಲ, ಮುಗೀತು” ಅಂದರು. ದನಿ ಗಟ್ಟಿಯಾಗೇ ಇತ್ತು. ಮೇವು ಮಾತ್ರ ಗೋದಲಿ ಬಿಟ್ಟು ಹೊರಗೆ ಬೀಳುತ್ತಿತ್ತು.

ನನಗೆ ನಿಜವಾಗಿ ದುಃಖವಾಯಿತು. ಊರಿಗೆ ಊರೇ ಬಿಟ್ಟದ್ದನ್ನು ಹಿಡಿದುಕೊಂಡಿದ್ದ ಇಬ್ಬರಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರ ಕೈಯಲ್ಲಿ ಏನು ಉಳಿಯುತ್ತದೆ? ಜೊತೆಗೆ ನನ್ನ ಹಳೆಯ ಚಟವೂ ಕೆರೆಯುತ್ತಿತ್ತು. ಆ ಮುದುಕಿ ಹೇಳದೆ ಕೇಳದೆ ಬಿಡುವಂಥವರಲ್ಲ. ಬಿಡುವುದಿದ್ದರೆ ಓಣಿಯ ನಡುವೆ ನಿಂತು, ಹತ್ತು ಜನಕ್ಕೆ ಕೇಳುವಂತೆ ಹೇಳಿ ಬಿಡುತ್ತಿದ್ದರು.

ಮೂರನೆಯ ದಿನವೂ ಗಾಳಿ ಇಳಿಯಲಿಲ್ಲ. ಅತ್ತೆ ಮತ್ತೆ ಒಲೆ ಆರಿಸಿದರು. ಸಿಟ್ಟಿದ್ದರೂ ಕಟ್ಟಳೆ ಕಟ್ಟಳೆಯೇ. ನಾನು ಹೆಪ್ಪು ತರುತ್ತೇನೆಂದು ಸುಳ್ಳು ಹೇಳಿ ಬಟ್ಟಲು ಹಿಡಿದು ಹೊರಟೆ. ಗೋದಾಮನ್ನು ಸುತ್ತಿಕೊಂಡು ಮೂಡಣ ಓಣಿಗೆ ಹೋದೆ.

ಬೀಗತಿ ಆಯಿ ಬಾಗಿಲಲ್ಲೇ ಕುಳಿತಿದ್ದರು. ಮಗ, ಸೊಸೆ ಕುರಿ ಹೊಡೆದುಕೊಂಡು ದೇವಣಗಾಂವದ ಕಡೆ ಹೊಳೆಯ ದಂಡೆಗೆ ಮೇಯಿಸಲು ಹೋಗಿದ್ದರು, ಮಿರಗಕ್ಕೆ ತಿರುಗಿ ಬರುವವರು. ಮನೆಯೊಳಗೆ ಒಲೆ ತಣ್ಣಗಿತ್ತು. ಹಂಚು ಗೋಡೆಗೆ ಒರಗಿತ್ತು. ನನ್ನನ್ನು ಕಂಡು ಅವರು ಮುಖ ತಿರುವಿದರು.

“ಬಂದೇನ ಯವ್ವಾ? ಬರಿ ಬಟ್ಲ ಹಿಡಕೊಂಡ ಬಂದೀ. ನಿಮ್ಮತ್ತಿಗಿ ಕೈ ಸೋತೇತಂತೇನು?”

“ಆಯಿ, ನೀವ್ಯಾಕ ಬುತ್ತಿ ತರಲಿಲ್ರಿ?”

“ನಾ ತರೂದು?” ಅವರು ಎದ್ದೇ ನಿಂತರು. “ಗಾಳಿ ನಮ್ಮ ಮನಿಯಿಂದ ಗಿರಣಿಗೆ ಹೊಂಟೇತಿ, ನಾ ಒಲಿ ಹಚ್ಚಲೇನು? ಪಾಳಿ ಯಾರದು? ಕಟ್ಟಿ ಮ್ಯಾಲ ಕುಂತು ಕುಂತು ಕಣ್ಣು ಹೋದುವು. ನಿಮ್ಮತ್ತಿ ಒಂದ್ ತುಂಡ ರೊಟ್ಟಿ ಕಳಿಸಲಿಲ್ಲ.”

ನಾನು ಏನೋ ಹೇಳಹೋದೆ, ಬಿಡಲಿಲ್ಲ. ಹಸಿದವರ ಸಿಟ್ಟು ಅದು, ಉಕ್ಕಿಯೇ ತೀರಬೇಕು.

“ಆಕಿಗೆ ನೆನಪು ಮಾಡು. ಹತ್ತಿ ರಾಶಿಗೆ ಬೆಂಕಿ ಬಿದ್ದಾಗ ಊರ ಮಂದಿ ಎಲ್ಲಾ ಹೊಸ ಸೊಸಿ ಒಲಿಯಿಂದ ಬಿತ್ತು, ಹೊಸ ಸೊಸಿ ಒಲಿಯಿಂದ ಬಿತ್ತು ಅಂದ್ರು. ನೋಡಿದಾವ್ರು ಯಾರೂ ಇಲ್ಲ. ಆಕಿ ಒಲಿ ಮುಂದ ಅಂಜಕೋತ ಕುಂತಿದ್ಲು, ಹಚ್ಚಾಕ ಧೈರ್ಯ ಇಲ್ಲ, ಹೊಟ್ಟ್ಯಾಗ ಕೂಳಿಲ್ಲ. ನನಗ ಆಕಿ ಹೆಸರ ಸುದ್ದಾ ಗೊತ್ತಿರಲಿಲ್ಲ. ರೊಟ್ಟಿ ಬುಟ್ಟಿ ಹೊತ್ತು ಗಿರಣಿ ಅಂಗಳ ದಾಟಿ ಹೋದೆ. ಮಂದಿ ಕೇಳಿದ್ರ, ಗಾಳಿ ಆ ಕಡೆ ಇದ್ದಾಗ ನಾ ಬೇಸಿ ಕೊಡ್ತೇನಿ, ನಿಮಗೇನ್ರಿ ಅಂದೆ. ಆಮ್ಯಾಲ ಎಲ್ಲಾರೂ ಅದನ್ನ ಹಿಡದ್ರು. ಮೊದಲನೇ ಗಾಳಿ ಬುತ್ತಿ ಅದು.”

ಅಷ್ಟು ವರ್ಷ ನಾನು ಕೇಳಿ ಕೇಳಿ ಸೋತ ಪ್ರಶ್ನೆಗೆ ಉತ್ತರ ಹೀಗೆ ಬೈಗುಳದ ನಡುವೆ ಸಿಕ್ಕಿತು. ಕಿಡಿ ಯಾರ ಒಲೆಯದು ಎಂದು ಅತ್ತೆ ಯಾಕೆ ಹೇಳಲಿಲ್ಲ ಎಂಬುದೂ ತಿಳಿಯಿತು. ಆದರೆ ಹೊಸದೊಂದು ಪ್ರಶ್ನೆ ಹುಟ್ಟಿತ್ತು. ಒಂದೇ ಗಾಳಿ ಎರಡೂ ಮನೆಯಿಂದ ಗಿರಣಿಗೆ ಹೇಗೆ ಬೀಸುತ್ತದೆ?

ನಾನು ಅವರ ಹೊಸ್ತಿಲ ಮೇಲೆ ನಿಂತು ಸೆರಗು ಚಾಚಿದೆ. ಆಯಿ ಹೇಳಿದ್ದು ಸುಳ್ಳಲ್ಲ. ನನ್ನ ಸೆರಗು ಗೋದಾಮಿನ ಬೆನ್ನಿನ ಕಡೆಗೇ ಹೋಯಿತು. ಈಗಷ್ಟೇ ನಮ್ಮ ಬಾಗಿಲಲ್ಲಿ ಅತ್ತೆಯ ಸೆರಗು ಇದಕ್ಕೆ ಎದುರಾಗಿ ಹಾರಿದ್ದನ್ನು ನೋಡಿ ಬಂದಿದ್ದೆ.

“ಈ ಸಲ ಧೂಳಿ ಸುದ್ದಾ ಮನಿಯೊಳಗ ಬರವಲ್ದು. ಎಲ್ಲಾ ಆ ತಗಡಿಗೇ ಹೋಗಿ ಬೀಳತೈತಿ” ಎಂದರು ಆಯಿ, ಸಿಟ್ಟು ಸ್ವಲ್ಪ ಇಳಿದು.

ಬಟ್ಟಲನ್ನು ಅಲ್ಲೇ ಬಿಟ್ಟು ಗೋದಾಮಿನ ಮೂಲೆಗೆ ನಡೆದೆ. ಮೂಲೆ ದಾಟಿದ್ದೇ ಪಡುಗಾಳಿ ಕಪಾಳಕ್ಕೆ ಹೊಡೆಯಿತು. ಒಂದು ಹೆಜ್ಜೆ ಹಿಂದೆ ಬಂದರೆ ಶಾಂತ, ಇನ್ನೂ ಒಂದು ಹೆಜ್ಜೆ ಹಿಂದೆ ಬಂದರೆ ಗಾಳಿ ಬೆನ್ನಿನಿಂದ ಮೆಲ್ಲಗೆ ಗೋದಾಮಿನ ಕಡೆ ನೂಕುತ್ತದೆ. ಬೇಲಿಯಲ್ಲಿ ಎಕ್ಕೆಯ ಕಾಯಿ ಒಡೆದಿದ್ದವು. ಒಂದು ಕಿತ್ತು ಅದರ ಹತ್ತಿಯನ್ನು ಮೂಲೆಯಲ್ಲಿ ಹಾರಿಬಿಟ್ಟೆ. ಎಳೆಗಳು ಜೋರಾಗಿ ಮೂಡಣಕ್ಕೆ ಹಾರಿದವು, ಗೋದಾಮು ದಾಟಿದ ಮೇಲೆ ದಾರಿ ತಪ್ಪಿದವರಂತೆ ಸುತ್ತಿದವು, ಕೆಳಗಿಳಿದವು, ನೆಲದ ಹತ್ತಿರ ಹಿಂದಕ್ಕೆ ಬಂದು ಗೋದಾಮಿನ ಬೆನ್ನಿಗೆ ಅಂಟಿದವು. ನಾನು ಮತ್ತೆ ಮತ್ತೆ ಬಿಟ್ಟೆ. ಮತ್ತೆ ಮತ್ತೆ ಹಾಗೇ ಆಯಿತು. ಅಷ್ಟೆತ್ತರದ ಗೋಡೆಗೆ ಡಿಕ್ಕಿ ಹೊಡೆದ ಗಾಳಿ ಮೇಲಿಂದ, ಮಗ್ಗುಲಿಂದ ಹಾರಿ, ಆಚೆ ಹಳ್ಳದ ಸುಳಿಯಂತೆ ತಿರುಗಿ ಬರುತ್ತಿತ್ತು. ಎರಡು ಬಾಗಿಲಿನ ಎರಡು ಸೆರಗೂ ನಿಜ ಹೇಳಿದ್ದವು. ಇಬ್ಬರು ಹೆಂಗಸರೂ ಕಟ್ಟಳೆ ತಪ್ಪಿರಲಿಲ್ಲ. ಅದಕ್ಕೇ ಎರಡೂ ಒಲೆ ಆರಿದ್ದವು.

ನಗು ಬಂತು, ಅದರ ಹಿಂದೆಯೇ ಅಳು ಬಂತು. ಸೀರೆ ಎತ್ತಿ ಕಟ್ಟಿ ಮನೆಗೆ ಓಡಿದೆ.

ಅತ್ತೆ ನಂಬಲಿಲ್ಲ. “ಗಾಳಿಗೆ ಎರಡು ಮುಖ ಇರ್ತಾವೇನು? ಆಕಿ ಕಲಿಸಿ ಕಳಿಸ್ಯಾಳ ನಿನಗ” ಅಂದರು. ಕೈ ಹಿಡಿದು ಎಳೆದುಕೊಂಡು ಬಂದೆ. ಮಂಡಿನೋವು ಎಂದು ದಾರಿಯುದ್ದಕ್ಕೂ ಬೈದರು. ಮೂಲೆಯಲ್ಲಿ ನಿಲ್ಲಿಸಿ, ಸೆರಗು ಬಿಡಿಸಿ ಕೈಗೆ ಕೊಟ್ಟೆ. ಅದು ಮೂಡಣಕ್ಕೆ ಹಾರಿತು. ನಾಲ್ಕು ಹೆಜ್ಜೆ ಆಚೆ ನಡೆಸಿದೆ. ಸೆರಗು ಜೋತುಬಿತ್ತು, ಅನುಮಾನಿಸಿತು, ಆಮೇಲೆ ತಿರುಗಿ ಅವರ ಕಾಲಿಗೇ ಸುತ್ತಿಕೊಂಡಿತು. ಅತ್ತೆ ಅದನ್ನು ನೋಡಿದರು, ಗೋದಾಮನ್ನು ನೋಡಿದರು.

“ಅಂದ್ರ ಆಕಿ...”

“ಹೌದ್ರಿ. ಅವರೂ ಒಲಿ ಹಚ್ಚಿಲ್ಲ. ನಿಮ್ಮ ಬುಟ್ಟಿ ದಾರಿ ನೋಡಾಕತ್ತಾರ.”

“ಮೂರ ದಿನ?”

“ಮೂರ ದಿನ.”

“ಮನ್ಯಾಗ ಯಾರೂ ಇಲ್ಲೇನು?”

“ಎಲ್ಲಾರೂ ಕುರಿ ಹಿಂದ ಹೊಳಿಗಿ ಹೋಗ್ಯಾರ್ರಿ.”

ಅವರು ತಿರುಗಿ ಮನೆಯ ಕಡೆ ನಡೆದರು. ಮಂಡಿನೋವಿನ ಮಾತು ಬರಲಿಲ್ಲ. ನಾನು ಹಿಂದಿನಿಂದ ಹೋಗುವಷ್ಟರಲ್ಲಿ ಅಡುಗೆಮನೆಯ ಕಿಟಕಿ ಮುಚ್ಚಿದ್ದರು, ಬಾಗಿಲು ಮುಂದೆ ಮಾಡಿದ್ದರು, ತುಂಬಿದ ಕೊಡವೊಂದನ್ನು ಒಲೆಯ ಮಗ್ಗುಲಿಗೆ ತಂದಿಟ್ಟಿದ್ದರು. ಹೊರಗೆ ಗಾಳಿ ಗಿರಣಿಯ ಕಡೆಗೇ ಬೀಸುತ್ತಿತ್ತು. ಅವರು ಕಡ್ಡಿಪೆಟ್ಟಿಗೆ ತೆರೆದು ಮತ್ತೆ ಮುಚ್ಚಿದರು.

“ಕೊಡ್ರಿ ಅತ್ತಿ, ನಾ ಹಚ್ತೇನಿ.”

“ಸರಿ ಅತ್ತಾಗ.”

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿ, ಒಲೆಗೆ ಮುಟ್ಟುವ ಮೊದಲೇ ಆರಿತು. ಮೂರನೆಯದಕ್ಕೆ ಒಲೆ ಹೊತ್ತಿಕೊಂಡಿತು. ನೀಲಿ ಉರಿ, ಕಿಡಿಯೇ ಇಲ್ಲದ ಗ್ಯಾಸಿನ ಉರಿ. ಅವರು ಅದನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಮುಂಗೈಯಿಂದ ಹಣೆಯ ಬೆವರು ಒರೆಸಿಕೊಂಡು, ಹಿಟ್ಟು ತೆಗೆದುಕೊಂಡರು. ಆ ದಿನ ಅವರು ಬಡಿದ ರೊಟ್ಟಿಯ ಸಪ್ಪಳ ನನ್ನ ಕಿವಿಯಲ್ಲಿ ಇನ್ನೂ ಇದೆ. ಬದನೆಕಾಯಿ ಪಲ್ಲೆಗೂ ನನಗೆ ಕೈ ಹಾಕಗೊಡಲಿಲ್ಲ.

ಬುಟ್ಟಿಯನ್ನು ಅವರೇ ಹೊತ್ತರು. ಗೋದಾಮಿನ ಮೂಲೆಯಲ್ಲಿ ಗಾಳಿ ಬಟ್ಟೆ ಕಿತ್ತುಕೊಳ್ಳಲು ಬಂತು, ಇನ್ನೊಂದು ಕೈಯಿಂದ ಗಟ್ಟಿ ಹಿಡಿದುಕೊಂಡರು. ಆಯಿ ಅದೇ ಬಾಗಿಲಲ್ಲಿ ಕುಳಿತಿದ್ದರು. ಅತ್ತೆ ಬುಟ್ಟಿ ಇಳಿಸಿದರು. ನಾನೇ ಗೋದಾಮು, ಸೆರಗು, ಎಕ್ಕೆ ಹತ್ತಿ ಎಂದು ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸಿದೆ. ಆಯಿ ಕೇಳಿದರೋ ಇಲ್ಲವೋ, ಬಟ್ಟೆ ಸರಿಸಿ ರೊಟ್ಟಿ ಮುಟ್ಟಿ ನೋಡಿದರು.

“ಬಿಸಿ ಅದಾವ” ಅಂದರು. ಆಮೇಲೆ ಅತ್ತೆಯ ಮುಖ ನೋಡಿ, “ಗಾಳಿ ಖರೇನ ನಿಮ್ಮ ಕಡಿಂದ ಗಿರಣಿಗೆ ಹೊಂಟಿದ್ರ, ಇವು ಹೆಂಗ ಬಂದುವು?”

“ಒಲಿ ಹಚ್ಚಿದೆ.”

“ಸೊಸಿ ಹಚ್ಚಿದ್ಲೇನು?”

“ನಾನ ಹಚ್ಚಿದೆ.”

ಆಯಿ ಅತ್ತೆಯ ಎರಡೂ ಕೈ ಹಿಡಿದು, ತಿರುವಿ ಮುರುವಿ ನೋಡಿದರು, ಸುಟ್ಟುಕೊಂಡ ಮಗುವಿನ ಕೈ ನೋಡುವ ಹಾಗೆ. ಅವರ ಕಣ್ಣು ತುಂಬಿದ್ದವು. ಅತ್ತೆ ಎಂದಿನಂತೆ ಹೊರಡಲು ತಿರುಗಿದರು. ಹಿಡಿದ ಕೈಯನ್ನು ಆಯಿ ಬಿಡಲಿಲ್ಲ.

“ಎಲ್ಲಿಗೆ ಹೊಂಟಿ? ಭೋಂಗಾ ಆಗೇತೇನು? ಕುಂಡ್ರು.”

ಅತ್ತೆ ಕುಳಿತರು. ಒಂದೇ ತಾಟು ಬಂತು. ಅಷ್ಟು ಕಾಲದ ಬುತ್ತಿಯಲ್ಲಿ ಇಬ್ಬರೂ ಕೂಡಿ ಉಂಡದ್ದು ಅದೇ ಮೊದಲು, ಅದು ನನಗೆ ಹೊಳೆದದ್ದೂ ಆಗಲೇ. ಇಬ್ಬರೂ ತಲೆ ತಗ್ಗಿಸಿ, ಹಸಿದವರು ಉಣ್ಣುವಂತೆ ಉಂಡರು. ಅರ್ಧ ರೊಟ್ಟಿ ಇಳಿದ ಮೇಲೆ ಅತ್ತೆ ಕೇಳಿದರು:

“ಪಲ್ಲೆಕ ಉಪ್ಪ ಕಡಿಮಿ ಆಗೇತೇನ?”

“ಆಗೇತಿ” ಅಂದರು ಆಯಿ, ಇನ್ನೊಂದು ತುತ್ತು ಮುರಿಯುತ್ತ. “ಮೊದಲಿಂದನೂ ಕಡಿಮೀನ. ಹೇಳಬೇಕಂದ್ರ ನೀ ಎಂದಾದ್ರೂ ಕುಂತಿದ್ದೇನು?”